ಒತ್ತಬೇಡಿ ಎಂದಿದ್ದವಳ ಸಾವಿನ ಸುದ್ದಿ

ಯೊನ್‌ಸಿಲ್ ಹಂಡೆಯ ಮುಚ್ಚಳ ಎತ್ತಿ, ಸಾರಿನ ಮೇಲೆ ಕಟ್ಟಿದ್ದ ಕೆಂಪು ಎಣ್ಣೆಯನ್ನು ಸೌಟಿನಿಂದ ಕಲಕಿ, ಮತ್ತೆ ಮುಚ್ಚಿದಳು. ಬೆಳಿಗ್ಗೆಯಿಂದ ಕಾಯಿಸಿ ಕಾಯಿಸಿ ದನದ ಮಾಂಸದ ಸಾರು ಗಟ್ಟಿಯಾಗಿಬಿಟ್ಟಿತ್ತು.

“ಇನ್ನೂ ಅನ್ನಕ್ಕಿಡಲಾ, ಬೇಡ್ವಾ?” ಅಂತ್ಯಕ್ರಿಯೆಯ ಭವನದ ಅಡುಗೆ ಹೆಂಗಸು ಕೇಳಿದಳು.

“ಇಡಿ. ಬರ್ತಾರೆ.”

“ನಾಳೆ ಬೆಳಿಗ್ಗೆ ಪೆಟ್ಟಿಗೆ ಎತ್ತೋದಲ್ವೇನಮ್ಮ? ಬರೋರು ಇಷ್ಟೊತ್ತಿಗೆ ಬಂದಿರ್ತಾರೆ.”

ಪಕ್ಕದ ಕೋಣೆಯಲ್ಲಿ ಬಿಳಿ ಸೇವಂತಿಗೆಗಳ ನಡುವೆ ಅಮ್ಮನ ಪಟವಿತ್ತು. ಪಟದ ಮುಂದೆ ಊದುಬತ್ತಿಯ ಬೂದಿ ಬೀಳದೆ ಬಾಗಿ ನಿಂತಿತ್ತು. ಊಟದ ಮೇಜುಗಳ ಮೇಲೆ ಹಾಸಿದ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಹಾಸಿದ ಹಾಗೇ ಇತ್ತು. ಒಂದು ಮೇಜಿನಲ್ಲಿ ಮಾತ್ರ ಅವಳ ಸೋದರಮಾವ ಲೋಟಕ್ಕೆ ಸೋಜು ಮದ್ಯ ಬಗ್ಗಿಸಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ.

“ನಲವತ್ತು ವರ್ಷ ಗುನ್‌ಸಾನ್ ಮಾರ್ಕೆಟ್‌ನಲ್ಲಿ ಉಪ್ಪಿನ ಸೀಗಡಿ ಮಾರಿದ್ಲು ನಮ್ಮಕ್ಕ,” ಎಂದ ಮಾವ. “ಊರಿಗೆಲ್ಲ ಉಪ್ಪು ತಿನ್ನಿಸಿದೋಳಿಗೆ ಕಣ್ಣೀರಿನ ಉಪ್ಪು ಹಾಕೋಕೆ ಒಬ್ರೂ ಇಲ್ವಲ್ಲ! ಸುದ್ದಿ ಕಳಿಸಿದ್ಯಾ ಸರಿಯಾಗಿ?”

“ಅಮ್ಮನ ಫೋನಲ್ಲಿದ್ದ ಎಲ್ಲ ನಂಬರಿಗೂ ನನ್ನ ಫೋನಿಂದ ಕಳಿಸಿದೀನಿ ಮಾವ. ಭವನದೋರೇ ಬರೆದುಕೊಟ್ಟಿದ್ದು.”

ಅವಳು ಫೋನನ್ನು ಅವನ ಮುಂದೆ ಹಿಡಿದಳು. ‘ಗ್ವಾಕ್ ಬೊಕ್‌ನಿಮ್ ಅವರು ನಿಧನರಾದರು. ಸ್ಥಳ ಹಾಗೂ ವಿವರಗಳಿಗೆ ಕೆಳಗಿನ ಲಿಂಕ್ ಒತ್ತಿ.’

“ಸರಿಯಾಗೇ ಇದೆಯಲ್ಲ,” ಎಂದು ಮಾವ ಮತ್ತೆ ಕಡಲೆಕಾಯಿಗೆ ಕೈ ಹಾಕಿದ.

ಅಮ್ಮ ಸತ್ತದ್ದು ಜೊಂಜು ನಗರದಲ್ಲಿ, ಮಗಳ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ. ಎದೆಯ ಪರೀಕ್ಷೆಗೆಂದು ಬಂದವಳು ಹಿಂದಿರುಗಲಿಲ್ಲ. ದೇಹವನ್ನು ಗುನ್‌ಸಾನ್‌ಗೆ ತರಬೇಕೆಂದು ಹಟ ಹಿಡಿದವಳು ಯೊನ್‌ಸಿಲ್. ಅಮ್ಮನ ಬೀದಿಯಲ್ಲಿ ಮುದುಕಿಯರೆಲ್ಲ ಹಗಲು ಕೂಡಿ ಉಣ್ಣುವ ಹಿರಿಯರ ಮನೆಯೊಂದಿತ್ತು. ಅಂಗಡಿಯ ಹೊತ್ತು ಬಿಟ್ಟರೆ ಅಮ್ಮನ ಬದುಕೆಲ್ಲ ಅಲ್ಲಿಯೇ. ಅವರು ಬಂದು ಕಳಿಸಿಕೊಟ್ಟರೆ ಅಮ್ಮ ನೆಮ್ಮದಿಯಾಗಿ ಹೋಗುತ್ತಾಳೆ, ಬರದಿದ್ದರೆ ದಾರಿಯಲ್ಲಿ ತಿರುಗಿ ತಿರುಗಿ ನೋಡುತ್ತಾಳೆ ಎಂದು ಮಗಳಿಗೆ ಅನ್ನಿಸಿತ್ತು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಹಬ್ಬಕ್ಕೆ ಬಂದರೆ ಆ ಮನೆಗೆ ಬೀಗ. ಹಬ್ಬ ಕಳೆದ ಮಾರನೆಯ ದಿನ ಅವಳಿಗೆ ಕೆಲಸ.

*

ಹೋದ ವರ್ಷದ ವಸಂತದಲ್ಲಿ ಒಂದು ಸಂಜೆ, ಯೊನ್‌ಸಿಲ್ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಅಮ್ಮ ಫೋನ್ ಮಾಡಿದ್ದಳು.

“ಇವತ್ತು ನೀನು ನಂಗೆ ಮೆಸೇಜ್ ಮಾಡಿದ್ದೆ, ಗೊತ್ತೇನೇ?”

“ನಾನಾ? ಇಲ್ವಲ್ಲಮ್ಮ.”

“ನೀನಲ್ಲ ಬಿಡು. ಆದ್ರೆ ನಂಬರು ನಮ್ಮದೇ ತರ, 010 ಅಂತಾನೇ ಶುರು. ‘ಅಮ್ಮಾ, ಫೋನು ಬಿದ್ದು ಗಾಜು ಒಡೆದೋಯ್ತು, ಇದು ಗೆಳತಿ ನಂಬರು, ಇಲ್ಲಿಗೇ ಬರಿ’ ಅಂತ.”

“ಅಯ್ಯೋ! ದುಡ್ಡೇನಾದ್ರೂ ಕಳಿಸಿದ್ಯಾ?”

“ನಂಗೇನು ಹುಚ್ಚಾ? ಪಾಪ, ಮಧ್ಯಾಹ್ನವೆಲ್ಲ ಬರೀತಾನೇ ಇದ್ದ. ಊಟ ಆಯ್ತಾ ಅಮ್ಮ, ಮಂಡಿ ಹೇಗಿದೆ, ಗಾಳಿ ಇದೆ ಬೆಚ್ಚಗೆ ಹೊದ್ಕೊ... ಆವಾಗ್ಲೇ ಗೊತ್ತಾಯ್ತು ನೀನಲ್ಲ ಅಂತ.” ಅಮ್ಮ ನಕ್ಕಳು. ಚುಚ್ಚಿ ನಕ್ಕದ್ದಲ್ಲ; ಒಳ್ಳೆಯ ತಮಾಷೆ ಸಿಕ್ಕಿದವರು ನಗುವಂತೆ ನಕ್ಕಳು.

“ಗೊತ್ತಾದ್ಮೇಲೂ ಯಾಕಮ್ಮ ಬರೀತಾ ಕೂತೆ?”

“ಅಂಗಡೀಲಿ ಗಿರಾಕಿ ಇರ್ಲಿಲ್ಲ ಕಣೇ.”

ಗುರುತಿನ ಚೀಟಿಯ ಫೋಟೊ ಕಳಿಸು ಎಂದು ಅವನು ಕೇಳಿದಾಗ ಅಮ್ಮ ಬರೆಯುವುದು ನಿಲ್ಲಿಸಿದ್ದಳು. ಪೊಲೀಸ್ ಠಾಣೆಗೆ ನಡೆದುಹೋಗಿ ಎಲ್ಲವನ್ನೂ ತೋರಿಸಿ, ಆ ನಂಬರನ್ನು ಬ್ಲಾಕ್ ಮಾಡಿಸಿಕೊಂಡು ಬಂದಿದ್ದಳು. ಕಳ್ಳರು ಎಲ್ಲೋ ದೂರದ ದೇಶದಲ್ಲಿ ಕೂತಿರುತ್ತಾರಂತೆ. ಇಲ್ಲಿ ಯಾವುದೋ ಬಾಡಿಗೆ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಟ್ಟು ನಂಬರನ್ನು ಊರಿನದಾಗಿ ಮಾಡುತ್ತಾರಂತೆ. ಠಾಣೆಯ ಹುಡುಗ ಹೇಳಿದ್ದನ್ನೆಲ್ಲ ಅಮ್ಮ ಒಂದೂ ಬಿಡದೆ ಒಪ್ಪಿಸಿದಳು. “ನಮ್ಮ ಮನೆ ಮುದುಕೀರಿಗೆಲ್ಲ ಹೇಳ್ಕೊಡ್ಬೇಕು. ಅವಕ್ಕೆ ಯಾರು ‘ಅಮ್ಮಾ’ ಅಂದ್ರೂ ಎದೆ ಕರಗಿಬಿಡತ್ತೆ.”

“ಹುಷಾರಮ್ಮ. ಗಿರಾಕಿ ಬಂದ್ರು, ಇಡ್ತೀನಿ,” ಎಂದಿದ್ದಳು ಯೊನ್‌ಸಿಲ್.

ಫೋನ್ ಇಟ್ಟ ಮೇಲೆ ಹೊಳೆಯಿತು: ಊಟ ಆಯ್ತಾ ಎಂದು ಇವತ್ತೂ ಕೇಳಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡಳು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಯೊನ್‌ಸಿಲ್ ಅಮ್ಮನ ಫೋನನ್ನು ಚೀಲದಿಂದ ತೆಗೆದು ಆನ್ ಮಾಡಿದಳು. ಯಾವುದಾದರೂ ನಂಬರು ತಪ್ಪಿಹೋಗಿದೆಯೋ ನೋಡಬೇಕಾಗಿತ್ತು. ಪರದೆ ಬೆಳಗಿ ಇನ್ನೂ ನೆಟ್ಟಗಾಗಿರಲಿಲ್ಲ, ಫೋನು ಕೈಯಲ್ಲೇ ಹೊಡೆದುಕೊಂಡಿತು. ‘ಮಾಲ್‌ನ್ಯೊ’ ಎಂಬ ಹೆಸರಿತ್ತು.

“ಯೊನ್‌ಸಿಲಮ್ಮಾ! ಎಲ್ಲಿ ಸತ್ತಿದ್ಯೇ? ನಿನ್ನೆಯಿಂದ ಫೋನು ಆಫು!”

ಮಗಳ ಹೆಸರು ಹಿಡಿದು, ಯೊನ್‌ಸಿಲ್‌ಳ ಅಮ್ಮ ಎಂದೇ ಅಲ್ಲಿ ಅಮ್ಮನನ್ನು ಕರೆಯುತ್ತಿದ್ದರು. ಯೊನ್‌ಸಿಲ್‌ಳ ಗಂಟಲಿನಿಂದ “ಹಾಂ” ಎಂಬುದೊಂದೇ ಹೊರಟಿತು. ತಾಯಿ ಮಗಳ ದನಿ ಒಂದೇ ಎಂದು ಎಲ್ಲರೂ ಹೇಳುತ್ತಿದ್ದರು.

“ನೆಗಡಿ ಹಿಡೀತಾ? ದನಿ ಒಡೆದಂಗಿದೆ. ಮಗಳ ಮನೇಲಿ ಕೂತು ಕೂತು ಮೈಗಳ್ಳಿ ಆಗಿಬಿಟ್ಟೆ ನೀನು. ಇರ್ಲಿ, ಕೇಳು. ಮತ್ತೊಂದು ಬಂದಿದೆ. ಊರ ನಂಬರೇ. ಈ ಸಲ ಸಾವಿನ ಸುದ್ದಿ. ಯಾರೋ ಗ್ವಾಕ್ ಬೊಕ್‌ನಿಮ್ ಅಂತೆ, ಸತ್ತೋದ್ಲಂತೆ, ಒತ್ತಬೇಕಂತೆ. ನಮ್ಮಲ್ಲಿ ಎಲ್ಲರಿಗೂ ಬಂದಿದೆ, ಒಬ್ಬಳೂ ಒತ್ತಿಲ್ಲ! ಜೊಮ್‌ಸುನ್ ಒತ್ತೋಕೆ ಹೋದ್ಲು, ಬೆರಳ ಮೇಲೆ ಹೊಡೆದೆ. ಸರಿ ಮಾಡಿದ್ವಿ ತಾನೇ?”

ಸರಿ ಮಾಡಿದ್ರಿ ಎಂದುಬಿಡಬೇಕೆಂದು ಯೊನ್‌ಸಿಲ್‌ಗೆ ಒಂದು ಗಳಿಗೆ ಅನ್ನಿಸಿತು. ಆ ಫೋನಿನ ಆ ಕಡೆ ಅಮ್ಮ ಇನ್ನೂ ಬದುಕಿದ್ದಳು. ಮಗಳ ಮನೆಯಲ್ಲಿ ಹಾಯಾಗಿದ್ದಳು.

“ಅಜ್ಜಿ,” ಎಂದಳು. “ನಾನು ಯೊನ್‌ಸಿಲ್. ಆ ಸುದ್ದಿ ನಿಜ. ಬೊಕ್‌ನಿಮ್ ಅಂದ್ರೆ ಅಮ್ಮ. ಅದು ಅಮ್ಮನ ಹೆಸರು.”

ಆ ಕಡೆಯ ದನಿ ಬೇರೆಯಾಗಿ ಬಂತು.

“ಓಹೋ. ಅವಳ ಫೋನೂ ಹೊಡೆದ್ರಾ? ಯಾರೋ ನೀನು, ದರಿದ್ರ ಮುಂಡೇದೆ!”

“ಅಜ್ಜಿ, ದಯವಿಟ್ಟು...”

“ಹತ್ತು ವರ್ಷದಿಂದ ಒಂದೇ ತಟ್ಟೇಲಿ ಉಂಡಿದೀವಿ, ಅವಳ ಹೆಸರು ಯೊನ್‌ಸಿಲಮ್ಮ. ನಂಗೆ ಹೇಳ್ಕೊಡ್ತೀಯಾ? ದನೀನೂ ಕದೀತಾರೆ ಅಂತ ಅವಳೇ ಹೇಳಿದ್ಲು. ಕೇಳಿಸ್ಕೊ, ನಮ್ಗೆ ಬಾಯಿಪಾಠ ಆಗಿದೆ!” ಹಿಂದಿನಿಂದ ಯಾರೋ ಸ್ಟೀಲಿನ ಬಟ್ಟಲಿಗೆ ಚಮಚ ಬಡಿದರು. ಬೌದ್ಧ ದೇವಾಲಯದಲ್ಲಿ ಸೂತ್ರ ಪಠಿಸುವ ಧಾಟಿಯಲ್ಲಿ ನಾಲ್ಕಾರು ಮುದಿ ದನಿಗಳು ಎದ್ದವು:

“ಬಂದದ್ದನ್ನ ಒತ್ತಬೇಡ,
ಬಂದ ನಂಬರಿಗೆ ಮಾಡಬೇಡ,
ಗೊತ್ತಿರೋ ನಂಬರಿಗೆ ಮಾಡಿ ಕೇಳು,
ಆಗ್ಲೂ ಅನುಮಾನವಾ, ಕಾಲಿದೆ ಕಣ್ಣಿದೆ, ಹೋಗಿ ನೋಡು.”

ಫೋನು ಕಟ್ಟಾಯಿತು. ಯೊನ್‌ಸಿಲ್ ತಿರುಗಿ ಮಾಡಿದಳು. ಹೋಗಲಿಲ್ಲ. ಜೊಮ್‌ಸುನ್ ಎಂಬ ಹೆಸರಿಗೆ ಮಾಡಿದಳು. ಅದೂ ಹೋಗಲಿಲ್ಲ. ಅಮ್ಮ ಕಲಿಸಿದ್ದಂತೆಯೇ ಅವರು ಅಮ್ಮನ ನಂಬರನ್ನು ಬ್ಲಾಕ್ ಮಾಡಿದ್ದರು.

ಅವಳು ಎದ್ದು ನಿಂತಳು.

“ಎಲ್ಲಿಗೆ?” ಎಂದ ಮಾವ. “ಪಟ ಬಿಟ್ಟು ಮಗಳು ಹೊರಗೆ ಕಾಲಿಡಬಾರದು. ನಾನು ಹೋಗ್ಬರ್ತೀನಿ ಇರು.”

“ನಿಮ್ಮನ್ನ ನೋಡಿದ್ರೆ ಕಳ್ಳರ ಯಜಮಾನ ಅಂತಾರೆ ಮಾವ. ಊದುಬತ್ತಿ ಆರದ ಹಾಗೆ ನೋಡ್ಕೊಳ್ಳಿ.”

*

ಸೂತಕದ ಕಪ್ಪು ಉಡುಗೆಯಲ್ಲೇ, ತಲೆಗೂದಲಿಗೆ ಬಿಳಿ ರಿಬ್ಬನ್ನಿನ ಪಿನ್ನು ಸಿಕ್ಕಿಸಿಕೊಂಡೇ ಅವಳು ಹಿರಿಯರ ಮನೆಯ ಮುಂದೆ ನಿಂತಳು. ಸೂತಕದವರು ಪರರ ಹೊಸ್ತಿಲು ದಾಟಬಾರದು. ಗೇಟಿನ ಹೊರಗಿನಿಂದಲೇ ಕೂಗಿದಳು. ಹತ್ತಿ ತುಂಬಿದ ಕುಪ್ಪಸಗಳ ಮುದುಕಿಯರು ಒಬ್ಬೊಬ್ಬರಾಗಿ ಜಗಲಿಗೆ ಬಂದರು. ಮುಂದೆ ನಿಂತವಳ ಕೈಯಲ್ಲಿ ಬೆಳ್ಳುಳ್ಳಿ ಕುಟ್ಟುವ ಮರದ ಗುಂಡಿತ್ತು. ಅವಳೇ ಮಾಲ್‌ನ್ಯೊ ಎಂದು ದನಿಯಿಂದ ತಿಳಿಯಿತು.

“ಮನೆಗೇ ಬಂದ್ಬಿಟ್ಯಾ? ಧೈರ್ಯ ನೋಡ್ರೇ ಇವಳದ್ದು!”

“ಮೂಗು ಅವಳ ತರಾನೇ ಇದೆ ಕಣೇ,” ಎಂದಳು ಪಕ್ಕದ ಬಡಕಲು ಮುದುಕಿ.

“ಜೊಮ್‌ಸುನ್, ನಿಂಗೆ ಕನ್ನಡಕ ಹಾಕಿದ್ರೂ ಅಷ್ಟೇ. ಮೂಗು ಯಾರಿಗಿಲ್ಲ?” ಮಾಲ್‌ನ್ಯೊ ಗುಂಡನ್ನು ಯೊನ್‌ಸಿಲ್ ಕಡೆ ಚಾಚಿದಳು. “ನೀನು ಮಗಳೇ ಆಗಿದ್ರೆ ಹೇಳು. ಹೋದ ವರ್ಷ ‘ಅಮ್ಮಾ ಫೋನ್ ಒಡೆದೋಯ್ತು’ ಅಂತ ಒಬ್ಬ ಬರೆದಿದ್ನಲ್ಲ. ಅವನು ಕಳ್ಳ ಅಂತ ಅವಳಿಗೆ ಹೇಗೆ ಗೊತ್ತಾಯ್ತು?”

ಯೊನ್‌ಸಿಲ್ ಗೇಟಿನ ಸರಳು ಹಿಡಿದುಕೊಂಡಳು. ಇದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಅಷ್ಟೇ.

“ಅವನು... ಊಟ ಆಯ್ತಾ ಅಂತ ಕೇಳಿದ. ನಾನು ಯಾವತ್ತೂ ಕೇಳ್ತಿರ್ಲಿಲ್ಲ. ಅದಕ್ಕೇ ಗೊತ್ತಾಯ್ತು.”

“ತಪ್ಪು!” ಮಾಲ್‌ನ್ಯೊ ಗೆದ್ದವಳಂತೆ ಸುತ್ತಲೂ ನೋಡಿದಳು. “ನೋಡಿದ್ರಾ? ಅವಳ ಮಗಳು ದಿನಾ ಸಂಜೆ ಫೋನ್ ಮಾಡ್ತಾಳೆ. ಊಟ ಆಯ್ತಾ, ಏನು ತಿಂದೆ, ಮಂಡಿಗೆ ಎಣ್ಣೆ ತಿಕ್ಕಿದ್ಯಾ ಅಂತ ಎಲ್ಲಾ ಕೇಳ್ತಾಳೆ. ಅವತ್ತೂ ಮಾಡಿದ್ಲು, ಒಂದು ದಿನಕ್ಕೆ ಎರಡು ಸಲ ಯಾರು ಕೇಳ್ತಾರೆ, ಅದಕ್ಕೇ ಸಿಕ್ಕಿಬಿದ್ದ. ನಮ್ಗೆ ಎಷ್ಟು ಸಲ ಹೇಳಿದಾಳೆ! ಹೋಗೇ, ನಿನ್ನ ಯಜಮಾನನಿಗೆ ಹೇಳು, ಸರಿಯಾಗಿ ಓದ್ಕೊಂಡು ಬರ್ಲಿ.”

ಯೊನ್‌ಸಿಲ್‌ಗೆ ಏನೂ ಕೇಳಿಸಲಿಲ್ಲ, ಅಥವಾ ಎಲ್ಲವೂ ಕೇಳಿಸಿತು. ಅವಳು ಗೇಟಿನ ಹೊರಗಿನ ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹಾಗೆ ದಿನಾ ಸಂಜೆ ಕೇಳುತ್ತಿದ್ದ ಮಗಳೊಬ್ಬಳು ಈ ಜಗಲಿಯಲ್ಲಿ ವರ್ಷಗಟ್ಟಲೆ ಇದ್ದಳು. ಈ ಮುದುಕಿಯರಿಗೆಲ್ಲ ಅವಳ ಪರಿಚಯವಿತ್ತು. ತನಗೇ ಇರಲಿಲ್ಲ. ಅಳು ಬಂದಾಗ ಅವಳು ಅದನ್ನು ಬಾಯಿಮುಚ್ಚಿ ಹಿಡಿಯಲಿಲ್ಲ.

“ಕಳ್ಳರು ಹೀಗೆ ಅಳ್ತಾರೇನೇ?” ಜೊಮ್‌ಸುನ್ ಪಿಸುಗುಟ್ಟಿದಳು.

“ಅಳ್ತಾರೆ. ಅದೂ ಹೇಳಿದ್ಲು ಅವಳು.” ಆದರೆ ಮಾಲ್‌ನ್ಯೊ ಕೈಯ ಗುಂಡು ಕೆಳಗಿಳಿದಿತ್ತು. ಅವಳು ಯಾರನ್ನೂ ನೋಡದೆ ಕೇಳಿದಳು. “ಕಡೇ ಸಾಲು ಏನು?”

“ಕಾಲಿದೆ ಕಣ್ಣಿದೆ, ಹೋಗಿ ನೋಡು.”

“ಹಾಗಿದ್ರೆ ನಡೀರಿ. ಸುಳ್ಳಾಗಿದ್ರೆ ಇವಳನ್ನ ಅಲ್ಲಿಂದಲೇ ಠಾಣೆಗೆ ಎಳ್ಕೊಂಡು ಹೋಗೋಣ.”

ಹೊರಡುವುದಕ್ಕೆ ಹೊತ್ತು ಹಿಡಿಯಿತು. ಗ್ಯಾಸ್ ಒಲೆ ಆರಿಸಿದ್ದನ್ನು ಒಬ್ಬಳು ನೋಡಿ ಬಂದಳು, ಇನ್ನೊಬ್ಬಳು ಮತ್ತೆ ನೋಡಿ ಬಂದಳು. ಯೊನ್‌ಸಿಲ್ ಮುಂದೆ ಮುಂದೆ ನಡೆದಳು. ಹಿಂದಿನಿಂದ ಅವರ ತಳ್ಳುಗಾಡಿಗಳ ಚಕ್ರಗಳ ಸದ್ದು, ಅದರೊಂದಿಗೆ ಮಾತು ಬರುತ್ತಿತ್ತು. ಸುಳ್ಳೇ ಇರಬೇಕು ಎಂದು ಒಬ್ಬಳು; ಸುಳ್ಳೇ, ಇನ್ನೇನು, ಮೊನ್ನೆ ಹೋಗುವಾಗ ಕೈಬೀಸಿ ಹೋದಳಲ್ಲ ಎಂದು ಇನ್ನೊಬ್ಬಳು; ಜೊಂಜುವಿನಿಂದ ಎಳ್ಳಿನ ಮಿಠಾಯಿ ತರುತ್ತೇನೆ ಅಂದಿದ್ದಾಳೆ, ತರದೆ ಇರುವವಳೇ ಅಲ್ಲ ಎಂದು ಮತ್ತೊಬ್ಬಳು. ಆ ಮುದುಕಿಯರು ಮೋಸವಾಗಲಿ ಎಂದು ಹಾರೈಸುತ್ತ ಬರುತ್ತಿದ್ದರು. ಸಮುದ್ರದ ಕಡೆಯಿಂದ ಗಾಳಿ ಎದ್ದಿತ್ತು. ನಡೆಯುತ್ತ ನಡೆಯುತ್ತ ಯೊನ್‌ಸಿಲ್‌ಗೂ ಅದೇ ಹಾರೈಕೆ ಬಂತು.

*

ಪಟದ ಮುಂದೆ ಅವರು ಸಾಲಾಗಿ ನಿಂತರು. ಮಾಲ್‌ನ್ಯೊ ಬಹಳ ಹೊತ್ತು ನೋಡಿದಳು. ಆಮೇಲೆ ಪಟದ ಕೆಳಗಿನ ಹಲಗೆಯ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸಿ ಓದಿದಳು.

“ಗ್ವಾಕ್... ಬೊಕ್... ನಿಮ್.”

“ಇಷ್ಟು ಚೆಂದದ ಹೆಸರಿಟ್ಕೊಂಡು ಯಾಕೇ ಹೇಳ್ಲಿಲ್ಲ?” ಎಂದಳು ಪಟಕ್ಕೆ. “ನಾವೂ ಯಾಕೆ ಕೇಳ್ಲಿಲ್ಲ?”

ಕೈಯಲ್ಲಿದ್ದ ಗುಂಡನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಾವ ಎದ್ದು ಬಂದು, ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡ. ಮುದುಕಿಯರು ಒಬ್ಬರನ್ನೊಬ್ಬರು ಹಿಡಿದು ಮಂಡಿಯೂರಿ ನಮಸ್ಕರಿಸಿದರು. ಏಳುವುದು ಕಷ್ಟವಾಯಿತು, ಯೊನ್‌ಸಿಲ್ ಒಬ್ಬೊಬ್ಬರ ಮೊಣಕೈ ಹಿಡಿದು ಎತ್ತಿದಳು. ಜೊಮ್‌ಸುನ್ ಮೆಲ್ಲನೆ ಅಮಿತಾಭ ಬುದ್ಧನ ನಾಮ ಹಿಡಿದಳು. ಉಳಿದವರು ಸೇರಿಕೊಂಡರು. ಮೊದಲು ಒಡೆದೊಡೆದು ಬರುತ್ತಿದ್ದ ದನಿಗಳು ಬರಬರುತ್ತ ಒಂದಾದವು.

ಅಡುಗೆಯ ಹೆಂಗಸು ಬಾಗಿಲಲ್ಲಿ ಇಣುಕಿದಳು. “ಅನ್ನ ಸಾಲಲ್ಲಮ್ಮ, ಇನ್ನೊಂದು ಪಾತ್ರೆ ಇಡ್ಬೇಕು,” ಎಂದು ಹೋದವಳು ಮತ್ತೆ ಬಂದಳು. “ಹೊರಗೆ ಗಾಡಿಗಳು ದಾರಿಗೆ ಅಡ್ಡ ನಿಂತಿವೆ. ಸ್ವಲ್ಪ ಗೋಡೆ ಪಕ್ಕ ಸರಿಸ್ತೀರಾ?”

ಯೊನ್‌ಸಿಲ್ ಹೊರಗೆ ಬಂದಳು. ಆ ಉದ್ದನೆಯ ಓಣಿಯಲ್ಲಿ ಬೇರೆ ಬೇರೆ ಕೋಣೆಗಳ ಮುಂದೆ ಆಳೆತ್ತರದ ಹೂವಿನ ತಟ್ಟಿಗಳು ನಿಂತಿದ್ದವು. ಪ್ರತಿಯೊಂದಕ್ಕೂ ದೊಡ್ಡವರ ಹೆಸರಿನ ಪಟ್ಟಿ. ಅಮ್ಮನ ಕೋಣೆಯ ಮುಂದೆ ಮುದುಕಿಯರು ಊರಿಕೊಂಡು ನಡೆಯುವ ಪುಟ್ಟ ತಳ್ಳುಗಾಡಿಗಳು ನಿಂತಿದ್ದವು. ಒಂದರಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು, ಒಂದರಲ್ಲಿ ಮಡಚಿದ ಛತ್ರಿ. ಅವಳು ಒಂದೊಂದನ್ನೇ ಗೋಡೆಗೆ ಒತ್ತಿ ನಿಲ್ಲಿಸಿದಳು. ಕೊನೆಯದು ಜೊಮ್‌ಸುನ್‌ಳ ಗಾಡಿಗೆ ಸಣ್ಣ ಹಗ್ಗದಿಂದ ಕಟ್ಟಿತ್ತು. ಅದರ ಕೂರುವ ಹಲಗೆಯ ಮೇಲೆ ಅಂಚು ಸವೆದ ನೀಲಿ ದಿಂಬು.

“ಇದು ಯಾರದಜ್ಜಿ?”

ಬಾಗಿಲಿಗೆ ಬಂದಿದ್ದ ಜೊಮ್‌ಸುನ್ ತೋಳಿನಿಂದ ಮೂಗು ಒರೆಸಿಕೊಂಡಳು.

“ನಿಮ್ಮಮ್ಮಂದು. ಜಗಲಿ ಮೇಲೇ ಬಿಟ್ಟು ಹೋಗಿದ್ಲು.” ಅವಳು ಗಾಡಿಯನ್ನೇ ನೋಡುತ್ತ ನಿಂತಳು. “ವಾಪಸ್ ಬರುವಾಗ ನಡೆಯೋಕೆ ಬೇಕಾಗತ್ತಲ್ಲ ಅಂತ ತಂದೆ.”

ಯೊನ್‌ಸಿಲ್ ಹಗ್ಗ ಬಿಚ್ಚಿದಳು. ನುಣುಪಾದ ನೆಲದ ಮೇಲೆ ಹಗುರವಾದ ಆ ಗಾಡಿ ತಾನಾಗಿಯೇ ಒಂದು ಗೇಣು ಮುಂದಕ್ಕೆ ಸರಿಯಿತು. ಅವಳು ಬಗ್ಗಿ ಅದರ ಚಕ್ರದ ಬ್ರೇಕನ್ನು ಒತ್ತಿ ಹಿಡಿದಳು.