ಕಾಲಿನಲ್ಲಿ ಇಲ್ಲದ ನಾಳ

ಮರುದಿನ ಬೆಳಿಗ್ಗೆ ಅವನ ಕುತ್ತಿಗೆಯ ರಕ್ತನಾಳವನ್ನು ಸೀಳಿ, ಒಳಗೆ ಕಟ್ಟಿದ ಕೊಬ್ಬನ್ನು ತೆಗೆದು, ಅವನ ಕಾಲಿನದೇ ನಾಳದ ಒಂದು ತುಂಡನ್ನು ತೇಪೆಯಾಗಿ ಹೊಲಿಯುವವರಿದ್ದರು. ಆಲ್ಟರೇಷನ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕಣ್ಣು ಸವೆಸಿದ ಅವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ಯಾಂಟು ಹರಿದರೆ ಅವಳೂ ಅದೇ ಪ್ಯಾಂಟಿನ ಮಡಿಕೆಯೊಳಗಿಂದಲೇ ತೇಪೆ ಕತ್ತರಿಸುತ್ತಿದ್ದಳು.

ಆದರೆ ಸ್ಕ್ಯಾನ್ ಮಾಡುವಾಕೆ ಅವನ ಎರಡೂ ಕಾಲುಗಳ ಮೇಲೆ ಮೂರು ಸಲ ಯಂತ್ರ ಆಡಿಸಿದರೂ ನಾಳ ಸಿಗಲಿಲ್ಲ.

ಸರ್ಜನ್ ಫಾರಂ ಹಿಡಿದು ಹೊರಗೆ ಬಂದರು. "ಹಿಂದೆ ಯಾವ ಆಪರೇಷನ್ನೂ ಆಗಿಲ್ಲ ಅಂತ ಬರ್ದವರು ಯಾರಮ್ಮಾ?"

"ನಾನೇ ಡಾಕ್ಟ್ರೇ. ಹೆಂಡತಿ."

"ನಾಳ ಉಬ್ಬಿತ್ತು ಅಂತ ಎರಡೂ ಕಾಲಿಂದ ತೆಗೆಸಿದಾರೆ. ಕಲೆ ಇದೆ. ನಿಮಗೆ ಗೊತ್ತಿಲ್ವಾ?"

ಅವಳ ಮುಖ ಸಣ್ಣಗಾಯಿತು. ಹನ್ನೊಂದು ವರ್ಷದಿಂದ ಇಬ್ಬರದೂ ಬೇರೆ ಬೇರೆ ಮನೆ. ಅವನ ಮಾತು ಬಿದ್ದುಹೋದ ದಿನ, ಜೇಬಿನಲ್ಲಿದ್ದ ಚೀಟಿ ನೋಡಿ ಆಸ್ಪತ್ರೆಯವರು ಅವಳಿಗೇ ಫೋನ್ ಮಾಡಿದ್ದರು. ಎದ್ದುಬಿದ್ದು ಓಡಿಬಂದವಳು ಕೇಳಿದ್ದಕ್ಕೆಲ್ಲ ಪಾಠ ಒಪ್ಪಿಸಿದಂತೆ ಬರೆದುಕೊಟ್ಟಿದ್ದಳು. ಗೊತ್ತಿಲ್ಲ ಅಂದರೆ, ನೀನು ಯಾರಮ್ಮ ಹಾಗಾದರೆ, ಎಂದು ಹೊರಗೆ ಕೂರಿಸಿಬಿಟ್ಟಾರೆಂಬ ಭಯ.

"ಕೈಯಲ್ಲಿ ನಾಳ ಹುಡುಕ್ತೀವಿ, ಇಲ್ಲಾಂದ್ರೆ ಕೃತಕ ತೇಪೆ ಇದೆ. ಆದ್ರೆ ಇನ್ನೇನು ಬಿಟ್ಟಿದೀರೋ ಗೊತ್ತಾಗ್ಬೇಕಲ್ಲ. ಈಗ ಮಾತಾಡ್ತಿದಾರೆ, ಅವರನ್ನೇ ಕೇಳಿ ಬರೀರಿ."

ಅವಳು ಹೊಸ ಫಾರಂ ಹಿಡಿದು ಅವನ ಮಂಚದ ಪಕ್ಕ ಕೂತಳು.

"ಏನು ಟೈಲರಮ್ಮ, ಅಳತೆ ತಪ್ಪಿತಾ?" ಅವನ ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತಿತ್ತು.

"ಸುಮ್ನಿರಿ. ಕಾಲಿನ ಆಪರೇಷನ್ ಯಾವಾಗಾಯ್ತು?"

"ನೀನು ಹೋದ ನಾಲ್ಕನೇ ವರ್ಷ. ಬಸ್ಸಲ್ಲಿ ನಿಂತು ನಿಂತು ಟಿಕೆಟ್ ಹರಿದವನಲ್ವಾ, ಹಗ್ಗದ ಹಾಗೆ ಎದ್ದಿತ್ತು."

"ಆಮೇಲೆ?"

"ಕಣ್ಣಿನ ಪೊರೆ."

"ಯಾವ ಕಣ್ಣು?"

"ಎಡಗಣ್ಣು. ನೋಡಿದ್ರೆ ಗೊತ್ತಾಗಲ್ಲ ಬಿಡು."

ಅವಳು ನೋಡಿದಳು. ನಿಜ, ಗೊತ್ತಾಗಲಿಲ್ಲ. ಬರೆದಳು. ಒಗ್ಗದ ಔಷಧಿ, ನುಂಗುವ ಮಾತ್ರೆ, ಒಂದೊಂದನ್ನೇ ಕೇಳಿ ಬರೆದಳು. ಸಾಲುಗಳು ಮುಗಿದವು.

"ಕಾಲು ಆದಾಗ ಮನೆಗೆ ಕರ್ಕೊಂಡು ಬಂದವರು ಯಾರು?"

"ಇದೂ ಫಾರಂನಲ್ಲಿದೆಯಾ?"

"ಇದೆ."

"ಟ್ಯಾಕ್ಸಿಯವನು."

ನರ್ಸ್ ಬಂದು ಕೈಚಾಚಿದಳು. "ಮುಗೀತಾ ಅಮ್ಮಾ?"

ಅವಳು ಹಾಳೆಯ ಮೇಲೆ ಅಂಗೈ ಮುಚ್ಚಿದಳು. "ಇನ್ನೂ ಇದೆ ಸಿಸ್ಟರ್."

ಮತ್ತೆ ಅವನ ಕಡೆ ತಿರುಗಿದಳು.

"ಮೆಟ್ಟಿಲು ಹೇಗೆ ಹತ್ತಿದ್ರಿ?"