ಕುಡುಕನ ಪಾರ್ಟು

ಅಕ್ಕನಾಗಮ್ಮ ಬ್ರಾಂದಿ ಬಾಟಲಿಗೆ ಆರಿದ ಚಹಾ ಡಿಕಾಕ್ಷನ್ ಸುರಿಯುತ್ತಿದ್ದಳು. ನಾಟಕ ಕಂಪನಿಯ ಮಾಲೀಕ ಕರಿಬಸವರಾಜ ಪರದೆ ಸರಿಸಿ ಬಂದು ಸಾರಾಯಿ ಪಾಕೀಟೊಂದನ್ನು ಅವಳ ಮುಂದಿಟ್ಟ.

“ಇವತ್ತು ಇದನ್ನ ಹಾಕು ನಾಗಮ್ಮ. ದಾವಣಗೆರ್‍ಯಾಗ ನಿನ್ನ ಗಂಡನ ಕುಡುಕನ ಪಾರ್ಟಿಗೆ ಜನ ಬಿದ್ದು ಬಿದ್ದು ನಗ್ತಿದ್ರು. ಇಲ್ಲಿ ಹರಿಹರದಾಗ ಆಕಳಿಸ್ತಾರೆ. ಕೇಬಲ್ ಟಿ.ವಿ. ಬಂದ ಮ್ಯಾಲೆ ಮದ್ಲೇ ಜನ ಬರಲ್ಲ.”

“ಇನ್ನೊಂದ್ ಸಲ ಕುಡಿದ್ರೆ ಉಳಿಯಲ್ಲ ಅಂತ ಡಾಕ್ಟ್ರು ಹೇಳಿದ್ದು ಗೊತ್ತಿಲ್ಲೇನ್ರಿ ನಿಮಗ?”

“ಡಾಕ್ಟ್ರು ಟಿಕೇಟ್ ತಗಂಡು ಬರ್ತಾರೇನು? ಹಾಕದಿದ್ರೆ ಬ್ಯಾಡ ಬಿಡು. ನಾಳೆ ಬ್ಯಾರೆ ಹಾಸ್ಯಗಾರ ಬರ್ತಾನೆ.”

ಅವನ ಮುಖಕ್ಕೆ ಉಗಿಯಬೇಕೆನಿಸಿತು ಅವಳಿಗೆ. ಉಗಿಯುವುದಾದರೆ ಮೊದಲು ಗಂಡನಿಗೇ ಉಗಿಯಬೇಕಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಉಚ್ಚಂಗೆಪ್ಪ ಕುಡಿತ ಬಿಟ್ಟು ಎರಡು ತಿಂಗಳಾಗಿತ್ತು. ಅಂದಿನಿಂದ ಕನ್ನಡಿ ಮುಂದೆ ಗೂಬೆಯಂತೆ ಕೂರುತ್ತಿದ್ದ; ಮಾತಿಲ್ಲ, ಕತೆಯಿಲ್ಲ. ಕುಡಿದು ಬಿದ್ದಾಗ ಚರಂಡಿಯಿಂದ ಎತ್ತಿ ತರುತ್ತಿದ್ದಳು. ಈಗ ಎಲ್ಲಿಂದ ಎತ್ತಬೇಕೋ ತಿಳಿಯುತ್ತಿರಲಿಲ್ಲ.

ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದಳು.

ಮಧ್ಯಾಹ್ನದ ಆಟ. ತಗಡಿನ ಥಿಯೇಟರು ಬಿಸಿಲಿಗೆ ಕಾದಿತ್ತು. ಉಚ್ಚಂಗೆಪ್ಪ ತೂರಾಡುತ್ತ ರಂಗಕ್ಕೆ ಬಂದು ಬಾಟಲಿ ಎತ್ತಿದ. ಒಂದು ಗುಟುಕಿಗೇ ತಡೆದು, ಬಾಯಿ ತುಂಬಿಕೊಂಡೇ ಪಕ್ಕದ ಪರದೆಯತ್ತ, ಅವಳತ್ತ ನೋಡಿದ. ಉಗುಳಿಬಿಡಲಿ ದೇವರೇ, ಎಂದು ಅಕ್ಕನಾಗಮ್ಮ ಬೇಡಿಕೊಂಡಳು. ಅವನು ನುಂಗಿದ. ಆಮೇಲೆ ಬಾಟಲಿಯನ್ನೇ ಬರಿದು ಮಾಡಿದ.

ಅಲ್ಲಿಂದ ಅವನನ್ನು ಹಿಡಿಯುವವರಿರಲಿಲ್ಲ. ಜನ ‘ಒನ್ಸ್ ಮೋರ್’ ಎಂದರೆ ಆಡಿದ್ದನ್ನೇ ಮತ್ತೆ ಆಡಿ ತೋರಿಸುವುದು ಕಂಪನಿ ನಾಟಕದ ರೂಢಿ. ಮೂರು ಸಲ ಕೂಗಿದರು. ಮೂರು ಸಲವೂ ಬಾಟಲಿ ಒಳಗೆ ಬಂತು, ಮಾಲೀಕನ ಜೇಬಿನಿಂದ ಪಾಕೀಟು ಬಂತು, ಅಕ್ಕನಾಗಮ್ಮನೇ ತುಂಬಿಸಿ ಕಳಿಸಿದಳು. ಹೆಣದ ಮುಂದೆ ಹಲ್ಲು ಕಿರಿಯುವ ಮಂದಿ, ಎಂದು ಪ್ರೇಕ್ಷಕರನ್ನು ಶಪಿಸಿದಳು. ಥೂ ನಿನ್ನ ಜನ್ಮಕ್ಕೆ, ಎಂದು ತನಗೂ ಹೇಳಿಕೊಂಡಳು.

ಇಂಟರ್ವಲ್ಲಿನಲ್ಲಿ ಉಚ್ಚಂಗೆಪ್ಪ ಬಂದು ಅವಳ ಪಕ್ಕದಲ್ಲೇ ಕುಕ್ಕರಿಸಿದ. ಬೈಯಲಿಲ್ಲ. ಕಣ್ಣು ಕೆಂಪಾಗಿದ್ದವು.

“ನಾಗೀ,” ಎಂದ. ಎರಡು ತಿಂಗಳಲ್ಲಿ ಹಾಗೆ ಕರೆದಿರಲಿಲ್ಲ. “ಮುಂದ್ಲ ಸಾಲ್ನಾಗೊಬ್ಬ ಗೌಡ, ನಗಾಕ್ಹೋಗಿ ಬಾಯಾಗಿನ ಎಲಿಅಡಿಕಿ ನುಂಗಿಬಿಟ್ಟ ನೋಡು.” ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಗಂಟಲು ಹಿಡಿದುಕೊಂಡು ತೋರಿಸಿದ.

ಅಕ್ಕನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ತಡೆಯಲಾಗಲಿಲ್ಲ.

ಅವಳ ಮುಖವನ್ನೇ ನೋಡುತ್ತ ಅವನು ಅದನ್ನು ಇನ್ನೊಮ್ಮೆ ಮಾಡಿ ತೋರಿಸಿದ.