ಗಂಗೆಯ ಎ ಪ್ಲಸ್

ಖುರ್ಷಿದಾ ಅಕ್ಕೋರ ಚೀಲದಲ್ಲಿ ಯಾವಾಗಲೂ ಮೂರು ಪೆನ್ನು ಇರುತ್ತಿದ್ದವು. ಒಂದು ನೀಲಿ, ಒಂದು ಕಪ್ಪು, ಇನ್ನೊಂದು ಅರ್ಧ ಒಣಗಿ ಮಸುಕಾಗಿ ಬರೆಯುವ ನೀಲಿ. ಅರಬೈಲ್ ಘಟ್ಟದ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿನ ಕಲ್ಲುಹೊಂಡ ಶಾಲೆಗೆ ಅವರೊಬ್ಬರೇ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗೆ ಒಟ್ಟು ಹದಿನಾಲ್ಕು ಮಕ್ಕಳು. ಯಾವ ಮಗು ಯಾವ ದಿನ ಎಲ್ಲಿಗೆ ಮುಟ್ಟಿತು, ಅಕ್ಷರ ಓದಿತೋ, ಪದ ಓದಿತೋ, ವಾಕ್ಯ ಓದಿತೋ ಎಂದು ಪ್ರಗತಿ ವಹಿಯಲ್ಲಿ ಅಂದಂದೇ ಗುರುತು ಹಾಕಬೇಕು ಎಂಬುದು ನಿಯಮ. ಅಂದಂದೇ ಹಾಕುವುದು ನರಮನುಷ್ಯರಿಂದ ಆಗುವ ಕೆಲಸವಲ್ಲ ಎಂಬುದು ತಾಲ್ಲೂಕಿನ ಎಲ್ಲ ಶಿಕ್ಷಕರಿಗೂ ಗೊತ್ತು. ಹಾಗಾಗಿ ತಪಾಸಣೆಗೆ ಬರುತ್ತಾರೆಂದು ವಾಟ್ಸಾಪಿನಲ್ಲಿ ಸುದ್ದಿ ಬಿದ್ದ ದಿನ ಮೂರು ತಿಂಗಳ ಗುರುತುಗಳನ್ನು ಒಂದೇ ಉಸಿರಿಗೆ ಹಾಕುವುದು, ಬೇರೆ ಬೇರೆ ದಿನ ಹಾಕಿದಂತೆ ಕಾಣಲೆಂದು ಪೆನ್ನು ಬದಲಿಸುತ್ತ ಹೋಗುವುದು. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟದ್ದಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂದಿತ್ತು.

ಗ್ರೇಡಿನ ಕತೆಯೂ ಅಷ್ಟೇ. ಮಗುವಿಗೆ ಸಿ ಎಂದು ಬರೆದರೆ ಯಾಕೆ ಸಿ ಎಂದು ಕಾರಣ ಬರೆಯಬೇಕು. ಪರಿಹಾರ ಬೋಧನೆಯ ಯೋಜನೆ ಬರೆಯಬೇಕು, ವಾರವಾರ ಅದರ ಫೋಟೋ ಕಳಿಸಬೇಕು, ತಿಂಗಳ ಸಭೆಯಲ್ಲಿ ನಾಲ್ಕು ಜನರ ಎದುರು ತಪ್ಪಿತಸ್ಥೆಯ ಹಾಗೆ ಎದ್ದು ನಿಲ್ಲಬೇಕು. ಎ ಪ್ಲಸ್ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಮೊಟ್ಟೆ ಬೇಯಿಸಿದ ಲೆಕ್ಕ, ಶೌಚಾಲಯದ ಫೋಟೋ, ಆಧಾರ್ ತಿದ್ದುಪಡಿ ಇವುಗಳ ನಡುವೆ ಪಾಠ ಮಾಡಲು ಒಂದಿಷ್ಟು ಹೊತ್ತು ಉಳಿಯಬೇಕಾದರೆ ಎ ಪ್ಲಸ್ಸೇ ಸರಿ ಎಂದು ಖುರ್ಷಿದಾ ಬಹಳ ಹಿಂದೆಯೇ ತೀರ್ಮಾನಿಸಿದ್ದರು. ಇಪ್ಪತ್ತೆರಡು ವರ್ಷದ ನೌಕರಿ. ಮೊದಲ ಹತ್ತು ವರ್ಷ ಹೀಗಿರಲಿಲ್ಲ. ಆಮೇಲೆ ಸುಸ್ತಾಗಿತ್ತು.

ನಾಲ್ಕನೇ ತರಗತಿಯ ಗಂಗೆಗೂ ಹಾಗೆಯೇ ಮೂರು ವರ್ಷ ಎ ಪ್ಲಸ್ ಬಿದ್ದಿತ್ತು. ಗಂಗೆಗೆ ಓದಲು ಬರುತ್ತಿರಲಿಲ್ಲ. ಬಿಡಿ ಅಕ್ಷರ ತೋರಿಸಿದರೆ ಐದರಲ್ಲಿ ಎರಡು ಹೇಳುತ್ತಿದ್ದಳು. ಎರಡಕ್ಷರ ಕೂಡಿಸಿದರೆ ಕಣ್ಣು ಕಿರಿದು ಮಾಡಿ ಕಿಟಕಿಯ ಕಡೆ ನೋಡುತ್ತಿದ್ದಳು. ಆದರೆ ಜಾಣೆ. ಉಳಿದ ಮಕ್ಕಳು ಗಟ್ಟಿಯಾಗಿ ಓದುವಾಗ ಪಾಠ ಕೇಳಿಯೇ ಬಾಯಿಪಾಠ ಮಾಡಿಕೊಂಡು, ಪುಸ್ತಕ ಎದುರಿಗೆ ಹಿಡಿದು, ಸಾಲಿನ ಮೇಲೆ ಬೆರಳನ್ನೂ ಓಡಿಸುತ್ತ ಒಪ್ಪಿಸುತ್ತಿದ್ದಳು. ಪುಟ ತಿರುಗಿಸುವುದು ಮಾತ್ರ ಒಂದು ಸಾಲು ತಡವಾಗುತ್ತಿತ್ತು. ಖುರ್ಷಿದಾಗೆ ಅದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಅಲ್ಲಾಹ್ ಮೆಚ್ಚುವುದಿಲ್ಲ.

ಈ ವರ್ಷ ತಾಲ್ಲೂಕಿಗೆ ಓದುವ ತೊಡಕಿರುವ ಮಕ್ಕಳಿಗೆಂದೇ ಒಬ್ಬ ವಿಶೇಷ ಶಿಕ್ಷಕಿ ಬಂದಿದ್ದಳು. ವಾರಕ್ಕೆ ಎರಡು ದಿನ ಶಾಲೆಗೇ ಬಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾಳಂತೆ. ಆದರೆ ಯಾವ ಮಕ್ಕಳಿಗೆ ಎಂಬುದನ್ನು ಮೊಬೈಲಿನ ಆ್ಯಪೇ ಆರಿಸುತ್ತದೆ. ಎರಡು ವರ್ಷ ಸತತ ಸಿ ಬಂದವರ ಹೆಸರು ತಾನಾಗಿ ಪಟ್ಟಿಗೆ ಸೇರುತ್ತದೆ. ಖುರ್ಷಿದಾ ಪಟ್ಟಿ ತೆಗೆದು ನೋಡಿದರು. ಕಲ್ಲುಹೊಂಡ ಶಾಲೆಯ ಎದುರು ಸೊನ್ನೆ ಇತ್ತು. ಕೆಳಗೆ ಹಸಿರು ಬಣ್ಣದಲ್ಲಿ ಅಭಿನಂದನೆಗಳು ಎಂದೂ ಬರೆದಿತ್ತು.

ಆ ವಾರವೇ ಸಿಆರ್‌ಪಿ ಅನಂತಮೂರ್ತಿ ಬಂದರು. ಸುತ್ತಲಿನ ಹದಿಮೂರು ಶಾಲೆಗಳ ಉಸ್ತುವಾರಿ ಅವರದು. ಕೆಟ್ಟವರಲ್ಲ. ಅವರಿಗೆ ವಿಷಯ ಹೇಳಿ, ಗಂಗೆಯ ಹೆಸರು ಸೇರಿಸಲು ಖುರ್ಷಿದಾ ದಾರಿ ಕೇಳಿದರು.

"ದಾರಿ ಉಂಟು," ಎಂದರು ಅನಂತಮೂರ್ತಿ. "ಹಿಂದಿನ ಮೂರು ವರ್ಷದ ನಮೂದು ತಪ್ಪು ಅಂತ ನೀವು ಬರ್ದು ಕೊಡ್ಬೇಕು. ಮಗುವಿನ ತಾಯಿದೂ ಸಹಿ ಬೇಕು. ಆದ್ರೆ ಅಕ್ಕೋರೆ, ಎಂತಕ್ಕೆ ಇದನ್ನ ಮೈಮೇಲೆ ಎಳ್ಕೊಳ್ತ್ರಿ? ನೋಟಿಸ್ ಬರ್ತದೆ. ನಿಮ್ಮ ವರ್ಗಾವಣೆ ಬೇರೆ ಇದೇ ವರ್ಷ ಉಂಟು."

ವರ್ಗಾವಣೆಯ ಮಾತು ಬಂದೊಡನೆ ಖುರ್ಷಿದಾಗೆ ಮೊಣಕಾಲು ನೆನಪಾಯಿತು. ಯಲ್ಲಾಪುರ ಪೇಟೆಯ ಮನೆಯಿಂದ ಬಸ್ಸು, ಬಸ್ಸಿಳಿದು ಎರಡು ಕಿಲೋಮೀಟರ್ ನಡಿಗೆ, ಸಂಜೆ ಮತ್ತೆ ಅಷ್ಟೇ. ಒಂಬತ್ತು ವರ್ಷದಿಂದ ಪೇಟೆಯ ಶಾಲೆಗೆ ಅರ್ಜಿ ಹಾಕಿ ಕಾದಿದ್ದರು. ನೋಟಿಸ್ ಬಂದರೆ ಆ ಕಡತ ಎಲ್ಲಿದೆಯೋ ಅಲ್ಲಿಯೇ ಮಲಗುತ್ತದೆ.

"ಒಂದು ಕೆಲಸ ಮಾಡಿ," ಎಂದು ಅನಂತಮೂರ್ತಿ ದನಿ ತಗ್ಗಿಸಿದರು. "ಈ ಸಲ ಬಿ ಹಾಕಿ. ಮುಂದಿನ ವರ್ಷದಿಂದ ಸಿ ಹಾಕಿ. ಮೆಲ್ಲಗೆ ಇಳಿಸ್ತಾ ಬನ್ನಿ. ಹೆಸರು ತನ್ನಷ್ಟಕ್ಕೆ ಪಟ್ಟಿಗೆ ಬರ್ತದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಖುರ್ಷಿದಾ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಎರಡು ಸಿ ಬರೂದ್ರೊಳಗೆ ಅವಳು ಐದು ಮುಗಿಸಿ ಇಲ್ಲಿಂದ ಹೋಗಿರ್ತಾಳಲ್ಲ ಸರ್?"

ಅನಂತಮೂರ್ತಿ ಹೆಲ್ಮೆಟ್ ಎತ್ತಿಕೊಂಡರು. "ಹೋಗಿರ್ತಾಳೆ," ಎಂದರು.

ಖುರ್ಷಿದಾ ಎರಡು ದಿನ ಏನೂ ಮಾಡಲಿಲ್ಲ. ಲಾರಿ ಓಡಿಸುವ ಗಂಡ ಜಲೀಲ್ ಮಂಗಳೂರಿನ ಲೋಡು ಇಳಿಸಿ ಬಂದಿದ್ದ. ವಿಷಯ ಕೇಳಿ, "ನಿನ್ನ ಕಾಲು, ನಿನ್ನ ನೌಕರಿ. ನಾ ಎಂತ ಹೇಳೂದು?" ಎಂದು ಹೊದಿಕೆ ಎಳೆದುಕೊಂಡ. ಆ ಮಾತಿನಿಂದ ಅವರಿಗೆ ಸಿಟ್ಟೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಮೂರನೆಯ ದಿನ, ಶನಿವಾರ, ಪತ್ರ ಬರೆದರು. ನಾಲ್ಕೇ ಸಾಲು. ಈ ಮಗುವಿಗೆ ಓದಲು ಬರುವುದಿಲ್ಲ, ಬರುತ್ತದೆ ಎಂದು ಮೂರು ವರ್ಷ ನಾನೇ ತಪ್ಪಾಗಿ ಬರೆದಿದ್ದೇನೆ. ಬರೆದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದರು. ಅಂಥದೇನೂ ಆಗಲಿಲ್ಲ, ಬೆನ್ನು ನೋಯುತ್ತಿತ್ತು ಅಷ್ಟೇ.

ಶನಿವಾರ ಮುಂಜಾನೆ ಶಾಲೆ. ಮಕ್ಕಳು ಹೋದ ಮೇಲೆ, ಹೇಳಿಕಳಿಸಿದ್ದಂತೆ, ಗಂಗೆಯ ತಾಯಿ ಅನ್ನಪೂರ್ಣವ್ವ ಬಂದಳು. ಹಾವೇರಿ ಕಡೆಯವಳು, ಘಟ್ಟದ ರಸ್ತೆಯ ಪಕ್ಕ ಲಾರಿಯವರಿಗಾಗಿ ಚಹಾದಂಗಡಿ ಇಟ್ಟಿದ್ದಳು. ಸಹಿ ಮಾಡಲು ಕಲಿತದ್ದು ಬಿಟ್ಟರೆ ಅಕ್ಷರ ಗೊತ್ತಿಲ್ಲ. ಅಂಗಡಿಯ ಹಲಗೆಗೆ ಮಗಳ ಮೂರು ಪ್ರಗತಿ ಪತ್ರಗಳನ್ನೂ ಮೊಳೆ ಹೊಡೆದು ತೂಗುಹಾಕಿದ್ದಾಳೆಂದು ಜಲೀಲ್ ಒಮ್ಮೆ ನಗುತ್ತ ಹೇಳಿದ್ದ.

ಖುರ್ಷಿದಾ ಸುತ್ತಿಬಳಸಲಿಲ್ಲ. ಪತ್ರ ಓದಿ ಹೇಳಿದರು. ಅನ್ನಪೂರ್ಣವ್ವ ಬಯ್ಯುತ್ತಾಳೆ, ಪಂಚಾಯತಿಗೆ ಹೋಗುತ್ತೇನೆ ಎನ್ನುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಂದ್ರ ಆಕಿಗೆ ಖರೇನ ಓದಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ ಅನ್ನಪೂರ್ಣವ್ವ. ಅವಳ ತಪ್ಪಲ್ಲ. ಕೆಲವು ಮಕ್ಕಳಿಗೆ ಬೇರೆ ನಮೂನಿ ಕಲಿಸ್ಬೇಕು. ನಾ ಆವಾಗ್ಲೇ ಹೇಳ್ಬೇಕಿತ್ತು."

"ದೀಪಾವಳಿ ಮುಂದ ನಮ್ಮವ್ವನ್ನ ಅಂಕೋಲಾ ದವಾಖಾನಿಗೆ ಹಾಕಿದ್ರು," ಎಂದಳು ಅನ್ನಪೂರ್ಣವ್ವ. "ನಾನೂ ಗಂಗೆನೂ ಬಸ್ಸಿಗೆ ನಿಂತಿದ್ವಿ. ಬೋರ್ಡ್ ಓದಿ ಹೇಳು ಅಂದೆ. ನನಗ ಬರೂದಿಲ್ಲವ್ವ ಅಂದ್ಲು. ಎರಡು ಬಸ್ಸು ಹೋದುವು. ಮನಿಗಿ ಬಂದು ಸೌಟಿಲೆ ಹೊಡದೆ. ಮತ್ತೊಂದ್ಸಲ ಗೋಡಿ ಮ್ಯಾಗಿನ ಚೀಟಿ ಓದು ಅಂದೆ. ಬರೂದಿಲ್ಲ ಅಂದ್ಲು. ಆಗೂ ಹೊಡದೆ. ಓದಲಿಲ್ಲ ಅಂತ ಹೊಡೀಲಿಲ್ರಿ ಅಕ್ಕೋರೆ. ಸುಳ್ಳು ಹೇಳ್ತಾಳ ಅಂತ ಹೊಡದೆ. ಅಕ್ಕೋರು ಎ ಪ್ಲಸ್ ಬರದಾರ, ಅಕ್ಕೋರ ಮಾತು ಸುಳ್ಳಾಕ್ಕೈತೇನು ಅಂತ ಹೇಳಿ ಹೇಳಿ ಹೊಡದೆ."

ನೋಟಿಸ್ಸು, ವರ್ಗಾವಣೆ, ಮೊಣಕಾಲು, ಇಷ್ಟು ದಿನ ಇವನ್ನೇ ದೊಡ್ಡ ಕಷ್ಟ ಎಂದುಕೊಂಡಿದ್ದೆನಲ್ಲ ಎಂದು ಖುರ್ಷಿದಾಗೆ ನಾಚಿಕೆಯಾಯಿತು. ಓದಲು ಬರುವುದಿಲ್ಲ ಎಂಬ ನಿಜವನ್ನು ಬಾಯಿಬಿಟ್ಟು ಹೇಳಿದ್ದು ಇಡೀ ಕಲ್ಲುಹೊಂಡದಲ್ಲಿ ಈ ಮಗುವೊಂದೇ.

ಅನ್ನಪೂರ್ಣವ್ವ ಪತ್ರ ಎಳೆದುಕೊಂಡು, ನಾಲಿಗೆ ಕಚ್ಚಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದಳು. "ಆಕಿ ಹೊರಗ ಅದಾಳ್ರಿ. ಆಕಿ ಹೇಳಿದ್ದು ಸುಳ್ಳಲ್ಲ ಅಂತ ನೀವೇ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ."

ಗಂಗೆಯನ್ನು ಕರೆದರು. ಅವಳು ಬಾಗಿಲ ಹತ್ತಿರವೇ ನಿಂತಳು, ಅವ್ವನ ಕೈ ಎಲ್ಲಿದೆ ಎಂದು ಮೊದಲು ನೋಡಿದಳು. ಖುರ್ಷಿದಾ ಕುರ್ಚಿಯಿಂದೆದ್ದು, ನೋವಿನ ಮೊಣಕಾಲೂರಿ ಅವಳ ಎತ್ತರಕ್ಕೆ ಕುಳಿತರು.

"ಗಂಗೆ, ಓದಲಿಕ್ಕೆ ಬರೂದಿಲ್ಲ ಅಂತ ನೀ ಅವ್ವನ ಹತ್ರ ಹೇಳಿದ್ದು ಖರೆ. ನಾ ಬರೆದದ್ದೇ ಸುಳ್ಳು. ನಿನಗೆ ಪೆಟ್ಟು ಬಿದ್ದದ್ದು ನನ್ನಿಂದ."

ಗಂಗೆ ಅವರ ಮುಖವನ್ನೇ ನೋಡಿದಳು. ಇದೂ ಒಂದು ಪರೀಕ್ಷೆಯೇ ಏನೋ ಎಂದು ಅವಳಿಗೆ ಅನುಮಾನ.

"ಹಂಗಾರ ಇನ್ಮ್ಯಾಗ ಬರೂದಿಲ್ಲ ಅಂತ ಹೇಳಬಹುದೇನ್ರಿ ಅಕ್ಕೋರೆ?"

"ಹೇಳಬಹುದು. ಎಲ್ಲಿಂದ ಬರೂದಿಲ್ಲ, ತೋರಿಸು."

ಗಂಗೆ ಕಪಾಟಿನ ಹತ್ತಿರ ಹೋದಳು. ನಾಲ್ಕನೆಯ ತರಗತಿಯ ಪುಸ್ತಕ ಸರಿಸಿದಳು, ಮೂರನೆಯದನ್ನೂ ಎರಡನೆಯದನ್ನೂ ಸರಿಸಿದಳು. ಒಂದನೆಯ ತರಗತಿಯ ಪುಸ್ತಕ ತಂದು ನೆಲದ ಮೇಲಿಟ್ಟು, ಮೊದಲ ಪಾಠ ತೆರೆದು, ಮೊದಲ ಸಾಲಿನ ಎರಡನೆಯ ಪದದ ಮೇಲೆ ಬೆರಳಿಟ್ಟಳು.